ಅಮಾನತ್ತಿನ ಅಗಸಿ

ರೋಗವನ್ನು ಕಾಗದದ ಪಾಕೀಟಿನಲ್ಲಿ ಮಡಚಿಕೊಂಡು ಬಸ್ಸು ಹತ್ತಿ ಬಂದವರನ್ನು ಕೇಶರಬಾಯಿ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಮೈಯಲ್ಲಿ ಜ್ವರ ಹೊತ್ತು ಬಂದವರಿಗೆ ಕಷಾಯ ಕುದಿಸಿ ಕೊಟ್ಟಿದ್ದಳು. ತಲೆಯಲ್ಲಿ ಜಗಳ ಹೊತ್ತು ಬಂದವರಿಗೆ ಚಹಾ ಕುಡಿಸಿ ಕಳಿಸಿದ್ದಳು. ಆದರೆ ಅಲಕಾ ಅವತ್ತು ಮೆಹಕರದ ಆ ಮನೆಯ ಪಡಸಾಲೆಯಲ್ಲಿ ಕುಳಿತು, ನೀರು ಕುಡಿಯುವ ಮೊದಲೇ ಪಾಕೀಟು ಬಿಚ್ಚಿ ತೋರಿಸಿದಳು. ಒಳಗೆ ಅಗಸಿಯ ಎಳೆ ಎಲೆಗಳು. ಎಲೆಯ ತುಂಬ ಗುಳ್ಳೆ ಒಡೆದು ಉದುರಿದ ಕಿತ್ತಳೆ ಬಣ್ಣದ ಪುಡಿ.

"ತಾಂಬೇರಾ!" ಎಂದು ಕೇಶರಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಾಮ್ರದ ಬಣ್ಣದ ಆ ರೋಗಕ್ಕೆ ಗಡಿಯ ಕಡೆಯ ಜನ ಹಾಗೆಯೇ ಅನ್ನುವುದು. ಪುಸ್ತಕದವರು ತುಕ್ಕು ರೋಗ ಅನ್ನುತ್ತಾರೆ. "ಇದನ್ಯಾಕ ಮನಿಯೊಳಗ ತಂದಿ?"

"ನೀನೇ ತಾ ಅಂದಿಯಲ್ಲ ಆಯಿ."

ಅಂದದ್ದು ಹೌದು. ಅಲಕಾ ಕೇಶರಬಾಯಿಯ ತಂಗಿ, ಔರಾದದಲ್ಲಿರುವ ಭಾಗೀರಥಿಬಾಯಿಯ ಮೊಮ್ಮಗಳು. ಬೀದರದಲ್ಲಿ ಬೆಳೆಗಳ ರೋಗವನ್ನೇ ಓದುತ್ತಿದ್ದಳು. ದೀಪಾವಳಿಗೆ ಬಂದಾಗ, "ಆಯಿ, ನಿಮ್ಮ ಮನಿ ಹಳೀ ಅಗಸಿ ಬೀಜ ಒಂದು ಹಿಡಿ ಕೊಡು, ಅದಕ್ಕ ತಾಂಬೇರಾ ಹತ್ತತದೋ ಇಲ್ಲೋ ನೋಡ್ತೀನಿ" ಎಂದು ಬೆನ್ನು ಹತ್ತಿದ್ದಳು. ಬರದ ವರ್ಷದಲ್ಲಿ ಬೀಜ ಮನೆ ಬಿಟ್ಟು ಹೋಗುವುದಿಲ್ಲ ಎಂದು ಕೇಶರಬಾಯಿ ಎಷ್ಟು ಹೇಳಿದರೂ ಹುಡುಗಿ ಬಿಡಲಿಲ್ಲ. ಕೊನೆಗೆ ಬೇಸತ್ತು, "ಬೀಜ ಎಲ್ಲೀ ಬರಂಗಿಲ್ಲ. ಬೇಕಾದ್ರ ನಿನ್ನ ರೋಗಾನೇ ಇಲ್ಲಿಗಿ ಕರಕೊಂಡು ಬಾ" ಎಂದು ಬಿಟ್ಟಿದ್ದಳು. ಸಿಟ್ಟಿನಲ್ಲಿ ಅಂದ ಮಾತನ್ನು ಹುಡುಗಿ ಆಮಂತ್ರಣವೆಂದು ತಿಳಿದು, ಔರಾದದಲ್ಲಿ ಯಾರದೋ ಬೋರಿನ ನೀರಿನಲ್ಲಿ ಬೆಳೆದ ಅಗಸಿಗೆ ಹತ್ತಿದ್ದ ರೋಗವನ್ನು ಹುಡುಕಿ, ಕರೆದುಕೊಂಡೇ ಬಂದಿದ್ದಳು.

"ಛಲೋ ಆತು ಬಿಡ್ರಿ ವೈನಿ," ಎಂದ ಪಂಢರಿ ಕಟ್ಟೆಯ ಮೇಲಿಂದ. ಅವನು ಕೇಶರಬಾಯಿಯ ಮೈದುನ. ಹಿಂದಿನ ವರ್ಷ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿ ಸೊಂಟ ಹಿಡಿಸಿಕೊಂಡು ಬಂದವನು, ಈ ವರ್ಷ ಕಟ್ಟೆ ಬಿಟ್ಟು ಇಳಿದಿರಲಿಲ್ಲ. "ಊರಾಗಿನ ಮಂದಿ ಎಲ್ಲಾ ಹೊರಗ ಹೋಗ್ಯಾರ. ರೋಗರೆ ಬಂತಲ್ಲ, ಮನಿ ತುಂಬತು."

ಹಿತ್ತಲಿನ ವಿಷಯ ಇಲ್ಲಿ ಹೇಳಬೇಕು. ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಹೊಲದಲ್ಲಿ ಹೆಂಟೆಯ ಹೊರತು ಏನೂ ಇರಲಿಲ್ಲ. ಊರಿನ ಅರ್ಧ ಮನೆಗಳಿಗೆ ಬೀಗ. ಓಣಿಯ ಮಾಣಿಕ ಹೆಂಡತಿಯನ್ನು ಕರೆದುಕೊಂಡು ಕಬ್ಬು ಕಡಿಯುವ ಟೋಳಿಯ ಜೊತೆ ಹೋಗಿದ್ದ. ಶಾಲುಬಾಯಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಮಕ್ಸೂದ ಬೀದರದ ಕಾಳಿನ ಪೇಟೆ ಗಾಂಧಿ ಗಂಜದಲ್ಲಿ ಹಮಾಲಿ ಮಾಡುತ್ತಿದ್ದ. ಹೋಗುವ ಮೊದಲು ಮೂವರೂ ಬಂದು ತಮ್ಮ ತಮ್ಮ ಅಗಸಿ ಬೀಜದ ಗಂಟನ್ನು ಕೇಶರಬಾಯಿಯ ಕೈಗಿಟ್ಟಿದ್ದರು. ಅಗಸಿ ಎಣ್ಣೆಯ ಕಾಳು. ವರ್ಷದ ಮೇಲೆ ವರ್ಷ ಗಡಿಗೆಯಲ್ಲೇ ಉಳಿದರೆ ಕಮಟು ವಾಸನೆ ಬಂದು ಸತ್ತು ಹೋಗುತ್ತದೆ. ಒಂದು ಸಾಲಾದರೂ ಮಣ್ಣು ಕಾಣಬೇಕು. ಊರಲ್ಲಿ ಉಳಿದವರು ಹೋದವರ ಬೀಜ ಬಿತ್ತಿ, ಅವರು ತಿರುಗಿ ಬಂದಾಗ ಹೊಸ ಕಾಳು ಕೊಡುವುದು ಆ ಕಡೆಯ ಪದ್ಧತಿ. ಅದಕ್ಕೆ ಅಮಾನತ್ತು ಅನ್ನುತ್ತಾರೆ.

ಅಮಾನತ್ತಿನ ಕಾನೂನನ್ನು ಕೇಶರಬಾಯಿಗೆ ಕಲಿಸಿದ್ದು ಅವಳ ಅತ್ತೆ. ನಿನ್ನ ಸಾಲಿಗೆ ಏನು ಮಾಡುತ್ತೀಯೋ ಅವರ ಸಾಲಿಗೂ ಅದನ್ನೇ ಮಾಡಬೇಕು. ಒಂದು ತಂಬಿಗೆ ನೀರು ಹೆಚ್ಚಿಲ್ಲ, ಕಡಿಮೆಯಿಲ್ಲ. ಮತ್ತೆ, ಅವರನ್ನು ಕೇಳದೆ ಅವರ ಸಾಲಿನ ಒಂದು ಗಿಡ ಕೀಳುವ ಹಾಗಿಲ್ಲ. ಹೀಗಾಗಿ ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ನಾಲ್ಕು ಸಾಲು ಅಗಸಿ ನಿಂತಿತ್ತು: ಮೊದಲನೆಯದು ಕೇಶರಬಾಯಿಯದು, ಆಮೇಲೆ ಮಾಣಿಕನದು, ಶಾಲುಬಾಯಿಯದು, ಗೋಡೆಯ ಕಡೆ ಮಕ್ಸೂದನದು. ನಾಲ್ಕೂ ಗಡಿಗೆ ಖಾಲಿ. ಇದ್ದದ್ದೆಲ್ಲ ಆ ಸಾಲುಗಳಲ್ಲೇ. ಈ ಬೆಳೆ ಹೋಯಿತೆಂದರೆ ನಾಲ್ಕು ಮನೆಯ ಅಗಸಿ ಅಲ್ಲಿಗೆ ಮುಗಿಯಿತು.

ಅಂಥ ಹಿತ್ತಲಿಗೆ ಈ ಹುಡುಗಿ ತಾಂಬೇರಾ ಹಚ್ಚುತ್ತೇನೆ ಅನ್ನುತ್ತಿದ್ದಳು.

"ಗಾಳಿಯೊಳಗ ಇಂದಲ್ಲ ನಾಳಿ ಬಂದೇ ಬರ್ತದ ಆಯಿ. ನಿಮ್ಮ ಬೀಜಕ್ಕ ತಡಕೊಳ್ಳೋ ತಾಕತ್ತು ಅದಾ ಇಲ್ಲಾ ಮೊದಲ ಗೊತ್ತಾದ್ರ ಛಲೋ ಅಲ್ಲಾ?"

"ಗೊತ್ತು ಮಾಡ್ಕೊಳ್ಲಾಕ ಹೋಗಿ ಸತ್ತು ಹೋದ್ರ?"

"ನಿನ್ನ ಸಾಲಿಗಷ್ಟೇ ಹಚ್ತೀನಿ. ಅದರಾಗೂ ಒಂದು ತುದಿಗಿ."

ಕೇಶರಬಾಯಿ ಒಪ್ಪಿದಳು ಅನ್ನುವುದಕ್ಕಿಂತ ದಣಿದಳು ಅನ್ನಬೇಕು. ಅಲಕಾ ಮೆತ್ತನೆಯ ಕುಂಚದಿಂದ ಪುಡಿಯನ್ನು ಎಲೆಗೆ ಸವರಿದಳು. ತುದಿಗೆ ಎಂದವಳು ಉಮೇದಿನಲ್ಲಿ ಇಡೀ ಸಾಲಿಗೇ ಸವರಿಬಿಟ್ಟಳು. ಪಿಚಕಾರಿಯಿಂದ ನೀರು ಹನಿಸಿದಳು. ಗೋಣಿ ತಟ್ಟು ತೋಯಿಸಿ ಸಾಲಿನ ಮೇಲೆ ಹೊದಿಸಿದಳು.

"ನೋಡ್ರಿ ವೈನಿ," ಎಂದ ಪಂಢರಿ. "ಟ್ಯಾಂಕರ್ ಬಂದು ವಾರಾತು. ಮಂದಿಗಿ ಕುಡಿಲಾಕ ನೀರಿಲ್ಲ, ಇಕಿ ರೋಗಕ್ಕ ನೀರು ಕುಡಸ್ಲಾಕತ್ತಾಳ. ಹಾಸಿಗಿ ಬ್ಯಾರೆ ಹೊದಸ್ಯಾಳ."

"ಇಬ್ಬನಿ ಬೀಳವಲ್ದಲ್ಲ ಕಾಕಾ. ತೇವ ಇಲ್ಲಂದ್ರ ಪುಡಿ ಮೊಳಕಿ ಒಡ್ಯಂಗಿಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗಿ ಬಚ್ಚಲ ಕಲ್ಲಿನ ಮೇಲೆ ಕುಳಿತು ವಿವರಿಸತೊಡಗಿದಳು. ಕೇಶರಬಾಯಿ ಕೇಳಿದಳು. ಮನೆಗೆ ಬಂದದ್ದು ಏನೆಂದು ತಿಳಿಯದೆ ಇರುವುದು ಅವಳಿಗೆ ಆಗದು.

"ಎಲಿಗಿ ಉಸಿರಾಡ್ಲಾಕ ಸಣ್ಣ ಸಣ್ಣ ಬಾಯಿ ಇರ್ತಾವ ಆಯಿ. ಈ ಪುಡಿ ಮೊಳಕಿ ಒಡದು, ಅದರಾಗಿಂದ ದಾರದ ಹಂಗ ಒಳಗ ಇಳಿತದ. ಇದೂ ಒಂದು ಶಿಲೀಂಧ್ರ. ರೊಟ್ಟಿಗಿ ಬೂಷ್ಟು ಹಿಡಿತದಲ್ಲ, ಅದರ ಬಳಗ. ಆದ್ರ ಬೂಷ್ಟು ಹಳಸಿದ್ದು ತಿಂತದ. ಇದು ಜೀವ ಇದ್ದ ಎಲಿ ಅಷ್ಟೇ ತಿಂತದ. ಒಳಗ ಹೋಗಿ ಜೀವಕೋಶಕ್ಕ ಬಾಯಿ ಹಚ್ಚಿ ಕುಡಿತದ."

"ಉಣ್ಣಿ ಹಂಗ."

"ಹಂಗೇ. ಆದ್ರ ಉಣ್ಣಿ ಕಚ್ಚಿದ್ರ ಎಮ್ಮಿ ಬಾಲ ಬೀಸ್ತದ. ಗಿಡ ಬೀಸಬಾರ್ದು ಅಂತ ಇದು ಮೊದಲು ತನ್ನ ಪ್ರೋಟೀನು ಒಳಗ ಬಿಡ್ತದ, ಗಿಡಾನ ಮಲಗಸ್ಲಾಕ."

"ಪ್ರೋಟೀನ ಅಂದ್ರ ಬ್ಯಾಳ್ಯಾಗ ಇರ್ತದ ಅಂತ ಅಂಗನವಾಡಿ ಬಾಯಿ ಹೇಳ್ತಾಳಲ್ಲ, ಅದಾ?"

"ಅದೇ ಜಾತಿ. ಎಲ್ಲಾ ಜೀವದಾಗೂ ಸಾವಿರಾರು ನಮೂನಿ ಇರ್ತಾವ. ಒಂದೊಂದಕ್ಕ ಒಂದೊಂದು ಕೆಲಸ, ಒಂದೊಂದು ಆಕಾರ. ಈಗ ಕೇಳು. ಕೆಲವು ಗಿಡದ ಜೀವಕೋಶದೊಳಗ ಒಂದು ಕಾವಲು ಇರ್ತದ. ಅದೂ ಪ್ರೋಟೀನೇ. ನಿನ್ನ ಬೀಸುಕಲ್ಲಿಗಿ ಗೂಟ ಕೂಡೋ ಕುಳಿ ಇರ್ತದಲ್ಲ, ಅದಕ್ಕ ಅಂಥಾ ಒಂದು ಕುಳಿ. ರೋಗ ಬಿಟ್ಟ ಪ್ರೋಟೀನು ಬಂದು ಅದರಾಗ ಸರೀ ಕೂತಿತು ಅಂದ್ರ, ಕಾವಲಿಗಿ ಗುರುತು ಸಿಕ್ತು. ಬ್ಯಾರೆ ಕಲ್ಲಿನ ಗೂಟ ಕೂಡಂಗಿಲ್ಲ. ಗುರುತು ಸಿಕ್ಕ ಕೂಡಲೇ ಅದು ಎಚ್ಚರಾಗ್ತದ."

"ಎಚ್ಚರಾಗಿ ಏನ್ ಮಾಡ್ತದ?"

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಭಾಲ್ಕಿಗೆ ಹೋಗುವ ಆ ಬಸ್ಸು ವೇಳೆಗೆ ಮೊದಲೇ ಬರುವುದು ವರ್ಷಕ್ಕೊಮ್ಮೆ. ಆ ಒಮ್ಮೆ ಅವತ್ತೇ ಆಗಬೇಕಿತ್ತು. ಅಲಕಾ ಚಪ್ಪಲಿ ಕಾಲಿಗೆ ತೂರಿಸುತ್ತ ಓಡಿದಳು. "ಮುಂಜಾನಿ ತಟ್ಟು ತೆಗಿ ಆಯಿ! ಮುಂದಿಂದು ಬಂದಾಗ ಹೇಳ್ತೀನಿ!"

ಕೇಶರಬಾಯಿ ಬೆಳಿಗ್ಗೆ ತಟ್ಟು ತೆಗೆದಳು. ತೆಗೆದು ಹಿಡಿದುಕೊಂಡು ನಿಂತಳು. ಇನ್ನೂ ತಣ್ಣಗಿತ್ತು. ಅದರ ಅಡಿಯಲ್ಲಿ ಅವಳ ಸಾಲು ಮೈ ತೊಳೆದುಕೊಂಡ ಹಾಗೆ ನಿಂತಿತ್ತು. ಉಳಿದ ಮೂರು ಸಾಲು ಒಣ ಮುಖ ಮಾಡಿಕೊಂಡಿದ್ದವು. ಅವಳಿಗೆ ಅದು ಸರಿ ಬರಲಿಲ್ಲ. ರೋಗ ತನ್ನ ಸಾಲಿಗಷ್ಟೇ, ಅದು ಮಾತಾಗಿತ್ತು. ಆದರೆ ನೀರು? ಇಬ್ಬನಿಯೂ ಊರು ಬಿಟ್ಟು ಹೋದ ವರ್ಷದಲ್ಲಿ ತನ್ನ ಸಾಲಿಗೆ ಮಾತ್ರ ಇರುಳೆಲ್ಲ ತಂಪು ಕೊಟ್ಟು ಅಮಾನತ್ತಿನ ಸಾಲುಗಳನ್ನು ಒಣಗಲು ಬಿಟ್ಟಳೆಂದರೆ ಅತ್ತೆ ಮೇಲಿಂದ ಏನಂದಾಳು? ಅವತ್ತು ಸಂಜೆ ಮತ್ತಷ್ಟು ನೀರು ಚಿಮುಕಿಸಿ ಅದೇ ತಟ್ಟನ್ನು ಮಾಣಿಕನ ಸಾಲಿಗೆ ಹೊದಿಸಿದಳು. ಮರುದಿನ ಶಾಲುಬಾಯಿಯದಕ್ಕೆ. ಆಮೇಲೆ ಮಕ್ಸೂದನದಕ್ಕೆ. ಹೊದಿಸುವ ಮೊದಲು ಪ್ರತಿ ಸಲ ಚೆನ್ನಾಗಿ ಝಾಡಿಸಿದಳು ಕೂಡ. ಎಲ್ಲರಿಗೂ ಸರಿಸಮ ಆಯಿತೆಂದು ಸಮಾಧಾನಪಟ್ಟಳು.

ಎಳ್ಳು ಅಮಾವಾಸ್ಯೆಯ ಹಬ್ಬ, ಎಳ್ಳಮಾಸಿ ಬಂತು. ಬೇರೆ ವರ್ಷಗಳಲ್ಲಿ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತಿತ್ತು. ಜೋಳದ ದಂಟಿನ ಕೊಂಪೆ ಹಾಕಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಭಜ್ಜಿ, ಸಜ್ಜೆ ಕಡುಬು ಉಂಡು, ಬೆಳೆಯ ಮೇಲೆಲ್ಲ ನೈವೇದ್ಯದ ಚರಗ ಚೆಲ್ಲುತ್ತಿದ್ದರು. ಈ ಸಲ ಹೆಂಟೆಯ ಮೇಲೆ ಏನು ಚೆಲ್ಲುವುದು? ಕೇಶರಬಾಯಿ ಹಿತ್ತಲಲ್ಲೇ ಕಲ್ಲಿಡುವುದೆಂದು ನಿರ್ಧರಿಸಿದಳು. ಅತ್ತೆ ಹಾಕಿಕೊಟ್ಟ ಇನ್ನೊಂದು ರೂಢಿ ಆ ಮನೆಯಲ್ಲಿತ್ತು: ಭೂಮಿತಾಯಿಯ ಕಲ್ಲಿನ ಮುಂದೆ ರೋಗದ ಗಿಡ ನಿಂತಿರಬಾರದು. ಮದುವೆಯ ಹಂದರದಲ್ಲಿ ಹರಿದ ಸೀರೆ ಉಟ್ಟು ನಿಂತ ಹಾಗೆ ಅದು.

ಅವತ್ತು ಬೆಳಿಗ್ಗೆ ಬಗ್ಗಿ ನೋಡಿದರೆ, ತನ್ನದೇ ಸಾಲು. ಎಲೆ ಎಲೆಯ ಮೇಲೂ ಕಂದು ಚುಕ್ಕೆ. ಒಲೆಯ ಕಿಡಿ ಸಿಡಿದು ಸೀರೆ ಸುಟ್ಟ ಹಾಗೆ ಸಣ್ಣ ಸಣ್ಣ ಒಣ ಚುಕ್ಕೆ. ಉಳಿದ ಮೂರು ಸಾಲು ಹಸಿರಾಗಿ, ಲಕಲಕ ಎನ್ನುತ್ತಿದ್ದವು.

"ಹತ್ತಿತು," ಎಂದಳು ಕೇಶರಬಾಯಿ. ಅತ್ತೆಯ ಕಾಲದ ಬೀಜ. ಆದರೆ ಅಳುವ ಹೊತ್ತಲ್ಲ ಅದು. ತನ್ನದು ಹೋದರೆ ಹೋಗಲಿ, ಇದರಿಂದ ಪಕ್ಕದ ಸಾಲಿಗೆ ಹತ್ತಬಾರದು. ಒಂದೊಂದೇ ಗಿಡ ಬೇರುಸಹಿತ ಕಿತ್ತಳು. ಸಾಲು ಖಾಲಿಯಾಯಿತು. ಕಿತ್ತದ್ದನ್ನೆಲ್ಲ ಬಚ್ಚಲ ಒಲೆಗೆ ತುರುಕಿ ಸುಟ್ಟು, ಕೈ ತೊಳೆದುಕೊಂಡು, ಖಾಲಿ ಜಾಗದಲ್ಲೇ ಐದು ಕಲ್ಲಿಟ್ಟು ಕುಂಕುಮ ಹಚ್ಚಿದಳು.

ಊಟದ ಹೊತ್ತಿಗೆ ಅಲಕಾ ಬಂದಳು. ಕಡುಬಿನ ವಾಸನೆಗೆ ನಗುತ್ತ ಬಂದವಳು ನೇರ ಹಿತ್ತಲಿಗೆ ಹೋದಳು. ಆಮೇಲೆ ಅಲ್ಲಿಂದ ಒಂದು ಕೂಗು.

"ಆಯೀ! ಗಿಡ ಎಲ್ಲಿ?"

"ಎಲ್ಲಿ ಅಂದ್ರ? ನಿನ್ನ ರೋಗ ಹತ್ತಿತ್ತು. ಕಿತ್ತು ಸುಟ್ಟೆ."

"ಹ್ಯಾಂಗಿತ್ತು? ಕೆಂಪು ಪುಡಿ ಇತ್ತಾ?"

"ಪುಡಿ ಇನ್ನೂ ಬಂದಿದ್ದಿಲ್ಲ. ಒಣ ಚುಕ್ಕಿ ಬಿದ್ದಿದ್ದವು. ಕಿಡಿ ಸಿಡದಂಗ."

ಅಲಕಾ ಐದು ಕಲ್ಲಿನ ಪಕ್ಕ ಕುಳಿತಳು. "ಆಯಿ, ಅದು ರೋಗ ಅಲ್ಲ. ರೋಗ ಸತ್ತ ಜಾಗ ಅದು. ಕಾವಲಿಗಿ ಗುರುತು ಸಿಕ್ತಂದ್ರ ಅದು ಏನ್ ಮಾಡ್ತದ ಗೊತ್ತಾ? ತಾನಿದ್ದ ಜೀವಕೋಶಾನೇ ಕೊಂದು ಹಾಕ್ತದ. ಈ ತಾಂಬೇರಾಕ್ಕ ಜೀವ ಇದ್ದದ್ದೇ ಬೇಕಲ್ಲ? ಸುತ್ತ ಸತ್ತಿದ್ರ ಏನ್ ಕುಡಿತದ? ಉಪವಾಸ ಬಿದ್ದು ಸಾಯ್ತದ. ಆ ಸುಟ್ಟ ಚುಕ್ಕಿ ಅಷ್ಟೇ ಉಳಿತದ. ಚುಕ್ಕಿ ಬಿದ್ದದ್ದು ಅಂದ್ರ ನಿನ್ನ ಬೀಜ ಈ ರೋಗಾನ ಗುರುತು ಹಿಡೀತು ಅಂತ!"

ಕೇಶರಬಾಯಿಯ ದನಿ ಏರಿತು. ಆ ಮನೆಯಲ್ಲಿ ಅದು ಅಪರೂಪ.

"ಇದು ಅವತ್ತೇ ಹೇಳಬೇಕಾಗಿತ್ತು."

"ಬಸ್ ಬಂತಲ್ಲ ಆಯಿ!"

"ಬಸ್ ಬಂತಂತ! ಉಸಿರಾಡೋ ಬಾಯಿ ಹೇಳಿದಿ, ಬೂಷ್ಟಿನ ಬಳಗ ಹೇಳಿದಿ, ಬೀಸುಕಲ್ಲು ಹೇಳಿದಿ. ಚುಕ್ಕಿ ಬಿದ್ರ ಕೀಳಬ್ಯಾಡ ಅಂತ ಒಂದು ಮಾತು ಹೇಳ್ಲಾಕ ನಿನಗ ಹೊತ್ತಿದ್ದಿಲ್ಲ?"

"ನೀ ಕೀಳ್ತಿ ಅಂತ ನನಗೇನ್ ಗೊತ್ತು? ಯಾರರೆ ಹಬ್ಬಕ್ಕ ಗಿಡ ಕೀಳ್ತಾರಾ?"

"ಯಾರರೆ ಬಸ್ಸಿನ್ಯಾಗ ರೋಗ ತರ್ತಾರಾ?"

"ಕಡುಬು ಆರ್ಲಾಕತ್ತಾವ," ಎಂದು ಪಂಢರಿ ಕಟ್ಟೆಯಿಂದ ನೆನಪಿಸಿದ. ಇಬ್ಬರೂ ಅವನ ಕಡೆ ಒಮ್ಮೆಗೇ ತಿರುಗಿ ನೋಡಿದರು. ಅವನು ಬೀಡಿ ಹುಡುಕತೊಡಗಿದ.

ಕೈಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಅಲಕಾ ಉಳಿದ ಸಾಲುಗಳ ಕಡೆ ನೋಡಿ, "ಇವಕ್ಕರೆ ಏನೂ ಹತ್ತಿಲ್ಲ, ಪುಣ್ಯ" ಎಂದಳು. ಆಗ ಕೇಶರಬಾಯಿ ತಟ್ಟಿನ ಮಾತು ಹೇಳಿದಳು. ಮುಚ್ಚಿಡುವಂಥದ್ದೇನು ಮಾಡಿದ್ದಳು? ಮಾಣಿಕನದಕ್ಕೆ ಒಂದು ರಾತ್ರಿ, ಶಾಲುಬಾಯಿಯದಕ್ಕೆ ಒಂದು, ಮಕ್ಸೂದನದಕ್ಕೆ ಒಂದು. ಝಾಡಿಸಿದ್ದನ್ನೂ ಹೇಳಿದಳು.

ಅಲಕಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಆಯಿ, ಆ ತಟ್ಟಿನ ತುಂಬಾ ಪುಡಿ ಇತ್ತು. ನೀ ರೋಗ ಸಮಪಾಲು ಹಂಚೀದಿ!"

"ನೀರು ಹಂಚೀನಿ. ರೋಗ ಹಂಚಿಲ್ಲ," ಎಂದಳು ಕೇಶರಬಾಯಿ. ಆದರೆ ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟಳು. ತನ್ನದು ಹೋದದ್ದು ತನ್ನ ಕರ್ಮ. ಮಂದಿಯ ಬೀಜ?

ಮುಂದಿನ ದಿನಗಳಲ್ಲಿ ಅವಳು ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ಎಲೆ ಮಗುಚಿ ನೋಡುತ್ತಿದ್ದಳು. ಮೊದಲು ಮಾಣಿಕನ ಸಾಲು. ಲಕಲಕ ಎನ್ನುತ್ತಿದ್ದ ಎಲೆಗಳ ಮೇಲೆ ಗುಳ್ಳೆ ಎದ್ದು ಒಡೆದು ಕಿತ್ತಳೆ ಪುಡಿ ಚೆಲ್ಲಿತು. ಆಮೇಲೆ ಶಾಲುಬಾಯಿಯದು. ಸೆರಗು ತಾಗಿದರೆ ಸೆರಗೇ ಬಣ್ಣ. ಮಕ್ಸೂದನ ಸಾಲಿಗೆ ಬಂದಾಗ ಅವಳಿಗೆ ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು.

ಚುಕ್ಕೆ. ಒಣ, ಕಂದು, ಕಿಡಿ ಸಿಡಿದಂಥ ಚುಕ್ಕೆ. ಪುಡಿ ಇಲ್ಲ. ತನ್ನ ಸಾಲಿನ ಮೇಲೆ ಬಿದ್ದಿದ್ದ ಅವೇ ಚುಕ್ಕೆ.

ಫೋನಿನಲ್ಲಿ ಅಲಕಾ ಕುಣಿದಾಡಿದಳು. "ಕೀಳಬ್ಯಾಡ ಆಯಿ! ಮುಟ್ಟಬ್ಯಾಡ! ಆದ್ರ ನಿಂದು ಮತ್ತ ಮಕ್ಸೂದಣ್ಣಂದು, ಎರಡಕ್ಕೇ ಹ್ಯಾಂಗ ಗುರುತು ಹತ್ತಿತು?"

ಅದಕ್ಕೆ ಓದು ಬೇಕಿರಲಿಲ್ಲ, ನೆನಪು ಸಾಕಿತ್ತು. ಎಪ್ಪತ್ತೆರಡರ ದೊಡ್ಡ ಬರದಲ್ಲಿ ಕೇಶರಬಾಯಿ ಹೊಸ ಸೊಸೆ. ಕೆರೆಯ ಮಣ್ಣು ಹೊರುವ ಕೆಲಸಕ್ಕೆ ಊರೇ ಹೋಗುತ್ತಿತ್ತು. ಮಕ್ಸೂದನ ಅಜ್ಜಿ ಮನೆಯಲ್ಲಿದ್ದ ಬೀಜವನ್ನೂ ಹುರಿದು ಮಕ್ಕಳಿಗೆ ತಿನ್ನಿಸಿದ್ದಳು. ಮಳೆ ಬಿದ್ದ ವರ್ಷ ಬಾಗಿಲಿಗೆ ಬಂದು ನಿಂತಾಗ ಅತ್ತೆ ಏನೂ ಕೇಳದೆ ಅವಳ ಉಡಿಗೆ ಅಗಸಿ ಸುರಿದಿದ್ದಳು. ಮಕ್ಸೂದನ ಮನೆಯ ಅಗಸಿ ಅಂದರೆ ಅದೇ.

"ಹಂಗಾದ್ರ ಮುಗೀತಲ್ರಿ ವೈನಿ," ಎಂದ ಪಂಢರಿ. "ಅದು ನಮ್ಮದೇ ಬೀಜ. ಕಿತ್ತ ಸಾಲು ಅಂವಂದು, ಉಳದದ್ದು ನಮ್ಮದು ಅನ್ರಿ. ಅಂವಗೇನ್ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲ."

"ನಮ್ಮವ್ವನೇ ಕೊಟ್ಟದ್ದರಿ ಅದು."

"ಕೊಟ್ಟ ಮ್ಯಾಲ ಅದು ಅವರದು. ಹಿತ್ತಲ ನಂದು ಅಂತ ಕೈ ಹಾಕ್ಲಾಕ ಬರ್ತದೇನು?"

"ಹಂಗಾದ್ರ ಫೋನ್ ಹಚ್ಚಿ ಕೇಳ್ರಿ."

"ಬೀಜ ಫೋನಿನ್ಯಾಗ ಕೇಳ್ತಾರಾ, ಹುಚ್ಚಪ್ಪಾ?"

ಹೀಗೆ ಕೇಶರಬಾಯಿ ಮಕ್ಸೂದನ ಸಾಲಿನಿಂದ ಒಂದು ಎಲೆಯನ್ನೂ ಹರಿಯದೆ, ಬರಿಗೈಯಲ್ಲಿ ಬಸ್ಸು ಹತ್ತಿ ಭಾಲ್ಕಿಗೆ, ಭಾಲ್ಕಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಬೀದರಕ್ಕೆ ಹೋದಳು. ದಾರಿಯುದ್ದಕ್ಕೂ ಹುಡುಗಿಯನ್ನು, ಬಸ್ಸನ್ನು, ತಟ್ಟನ್ನು, ಕೊನೆಗೆ ಅತ್ತೆಯನ್ನೂ ಮನಸ್ಸಿನಲ್ಲೇ ಬೈದಳು. ಸರಿಸಮ, ಸರಿಸಮ ಅಂತ ತಲೆಗೆ ತುಂಬಿದವಳು ಅವಳೇ ತಾನೆ?

ಗಾಂಧಿ ಗಂಜದಲ್ಲಿ ತೊಗರಿಯ ಧೂಳು, ಲಾರಿಗಳ ಹೊಗೆ. ಒಂದು ಅಡತಿ ಅಂಗಡಿಯ ಮುಂದೆ ಅಗಸಿಯ ಚೀಲ ಬಾಯಿ ತೆರೆದು ನಿಂತಿತ್ತು. ಕಾಳು ದುಂಡು ದುಂಡಾಗಿ ಹೊಳೆಯುತ್ತಿತ್ತು. "ಎಲ್ಲೀದರಿ ಇದು?" ಎಂದು ಕೇಳಿದಳು. "ಎಲ್ಲಿಂದೋ ಬರ್ತದ ಬಾಯಿ, ತಿನ್ಲಾಕ ಛಲೋ ಅದ," ಎಂದ ಅಡತಿಯವ. ಊರು ಗೊತ್ತಿಲ್ಲದ ಕಾಳು ಯಾವ ರೋಗದ ಗುರುತು ಹಿಡಿದೀತೋ! ಅವಳು ಮುಂದೆ ನಡೆದಳು.

ಮಕ್ಸೂದ ಬೆನ್ನ ಮೇಲೆ ಚೀಲ ಹೊತ್ತು ಲಾರಿಯ ಹಲಗೆ ಏರುತ್ತಿದ್ದ. ಇವಳನ್ನು ಕಂಡವನೇ ಚೀಲವನ್ನು ಧೊಪ್ಪನೆ ಇಳಿಸಿ ಓಡಿ ಬಂದ. ಮುಖ ಬಿಳುಚಿತ್ತು.

"ಕಾಕಿ! ಯಾರು ಹೋದ್ರರಿ?"

"ಯಾರೂ ಹೋಗಿಲ್ಲ ಬೇಟಾ. ನನ್ನ ಅಗಸಿ ಹೋತು."

"ಏನು?"

ಅವಳು ಮೊದಲಿನಿಂದ ಹೇಳಿದಳು. ಪಾಕೀಟು, ತಟ್ಟು, ಎಳ್ಳಮಾಸಿ, ಚುಕ್ಕೆ. ಲಾರಿಯ ಮೇಲಿಂದ ಹಮಾಲರ ಮುಖ್ಯಸ್ಥ ಮುಕದ್ದಮ, "ಏ ಮಕ್ಸೂದ್, ಸಂಬಂಧ ಕೂಡ್ಸಲಾಕ ಬಂದಾರೇನೋ? ಚೀಲ ಯಾರು ಹೊರ್ತಾರ?" ಎಂದು ಒದರುತ್ತಿದ್ದ. ಮಕ್ಸೂದ ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ ಇಟ್ಟು ಕೇಳಿದ.

"ಕಾಕಿ, ನಿಮ್ಮ ಹಿತ್ತಲ. ನಿಮ್ಮ ಬಚ್ಚಲ ನೀರು. ಇದನ್ನ ಕೇಳ್ಲಾಕ ಎರಡು ಬಸ್ ಹತ್ತಿ ಬಂದೀರಿ? ತೊಗೋರಿ. ಅರ್ಧಾ ತೊಗೋರಿ, ಪೂರಾ ತೊಗೋರಿ."

"ಹಂಗ ಅನಬ್ಯಾಡ. ನಿನ್ನ ಸಾಲಿಗೂ ನಾನೇ ರೋಗ ಹೊದಿಸೀನಿ. ಅದು ಉಳಿದದ್ದು ನನ್ನಿಂದಲ್ಲ. ಅದನ್ನ ಕೇಳಿ ಆಮ್ಯಾಲ ಹ್ಞೂಂ ಅನ್ನು."

"ಹ್ಞೂಂ ಅಂದ್ನಲ್ರಿ."

"ಅದು ಮುಕದ್ದಮನ ಹೆದರಿಕಿಗಿ ಅಂದಿ. ನಿಂತು ಅನ್ನು."

ಮಕ್ಸೂದ ಆಕಾಶ ನೋಡಿದ, ಲಾರಿ ನೋಡಿದ. ಆಮೇಲೆ ಕೊರಳಿನ ಟವೆಲು ತೆಗೆದು ಮುಖ ಒರೆಸಿಕೊಂಡು, ಅವಳ ಮುಂದೆ ಸಾವಧಾನವಾಗಿ ನಿಂತ. "ಕಾಕಿ, ನಮ್ಮ ದಾದಿ ಆ ಬೀಜ ಜ್ವಾಪಾನ ಮಾಡಿದ್ಲು. ಹುರಕೊಂಡು ತಿನ್ನಲಾಕ ಒಂದು ಹಿಡಿ ಕೊಡ್ತಿದ್ದಿಲ್ಲ. ನಿಮಗ ಕೊಡ್ತೀನಿ. ಮಾಣಿಕಗೂ ಶಾಲುಗೂ ಕೊಡ್ರಿ. ಆತಾ? ಈಗ ಹೋಗ್ಲ್ಯಾ?"

"ಹೋಗು. ನೀರು ಕುಡದು ಹೋಗು."

ಆ ಬೀಜ ಅವನ ಅಜ್ಜಿಯ ಉಡಿಗೆ ಎಲ್ಲಿಂದ ಬಂತೆಂಬುದು ಕೇಶರಬಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನು ಹಳೆಯದನ್ನು ತಿರುಗಿಸಿದ ಹಾಗಾಗುತ್ತಿತ್ತು. ಚೀಲ ಹೊತ್ತು ಬದುಕುವ ವರ್ಷದಲ್ಲಿ ಒಬ್ಬ ಮನುಷ್ಯ ಕೊಡುವವನಾಗಿ ನಿಂತಿದ್ದ. ಅದನ್ನು ಅವನಿಂದ ಕಸಿಯುವುದು ಅವಳಿಗೆ ಬೇಡವಾಗಿತ್ತು.

ಉಳಿದಿಬ್ಬರಿಗೆ ಮಾತ್ರ ಫೋನಿನಲ್ಲೇ ಹೇಳಬೇಕಾಯಿತು, ಅಷ್ಟು ದೂರ ಹೋಗುವುದೆಲ್ಲಿ? ಮಾಣಿಕ ಕಬ್ಬಿನ ಗದ್ದೆಯಿಂದ, "ನಾವೇ ಬದುಕಿ ಬಂದ್ರ ಸಾಕು ಬಿಡ್ರಿ" ಎಂದು ನಕ್ಕ. ಶಾಲುಬಾಯಿ ನಗಲಿಲ್ಲ. "ಆ ಹುಡುಗೀನ ಮನಿಯೊಳಗ ಯಾಕ ಬಿಟ್ರಿ?" ಎಂದು ಫೋನಿನ ದುಡ್ಡು ಮುಗಿಯುವವರೆಗೂ ಬೈದಳು. ಬೈಸಿಕೊಂಡ ಮೇಲೆ ಕೇಶರಬಾಯಿಗೆ ಸ್ವಲ್ಪ ಹಗುರಾಯಿತು. ಕಿತ್ತಳೆಯಾದ ಎರಡು ಸಾಲನ್ನೂ ಕಿತ್ತು ಮಕ್ಸೂದನ ಕಾಳನ್ನೇ ನಾಲ್ಕು ಪಾಲು ಮಾಡುವುದಕ್ಕೆ ಇಬ್ಬರಿಂದಲೂ ಹ್ಞೂಂ ಅನ್ನಿಸಿಕೊಂಡಳು.

ಅಷ್ಟರಲ್ಲಿ ಅಲಕಾ ಬಂದು ಅಡ್ಡ ನಿಂತಳು.

"ಅವೆರಡು ಕೀಳಬ್ಯಾಡ ಆಯಿ."

"ಈಗ ಅದಕ್ಕೇನಾತು?"

"ಕಾವಲಿಗಿ ಒಂದೇ ಗುರುತು ಗೊತ್ತು. ತಾಂಬೇರಾ ತನ್ನ ಪ್ರೋಟೀನು ಒಂಚೂರು ಬದಲಿ ಮಾಡ್ಕೊಂಡು ಬಂದ್ರ, ಗೂಟ ಕೂಡಂಗಿಲ್ಲ. ಮಕ್ಸೂದಣ್ಣನ ಬೀಜ ಕುರುಡಾಗ್ತದ. ನಾಲ್ಕೂ ಮನ್ಯಾಗ ಅದೊಂದೇ ಇದ್ರ ನಾಲ್ಕೂ ಮನಿದು ಒಮ್ಮೆಗೇ ಹೋಗ್ತದ. ಮಾಣಿಕಣ್ಣಂದು, ಶಾಲುಬಾಯಿದು ಈ ರೋಗಕ್ಕ ಸೋತಾವ ಖರೇ. ಮತ್ತೊಂದು ನಮೂನಿ ರೋಗದ ಗುರುತು ಅವಕ್ಕ ಇರಬಹುದು. ಯಾರಿಗಿ ಗೊತ್ತು?"

ಕೇಶರಬಾಯಿ ಸೊಂಟಕ್ಕೆ ಕೈಯಿಟ್ಟು ಅವಳನ್ನು ನೋಡಿದಳು. "ಚುಕ್ಕಿ ಬಿದ್ದದ್ದು ಕಿತ್ರ ತಪ್ಪು. ಪುಡಿ ಬಂದದ್ದು ಕಿತ್ರೂ ತಪ್ಪು. ನಿನ್ನ ಓದಿನ್ಯಾಗ ಕೀಳೋದು ಅಂತ ಏನರೆ ಅದಾ ಇಲ್ಲಾ? ಒಂದು ಮಾತರೆ ನೆಟ್ಟಗ ಮುಗಿಸೇ ನಮ್ಮವ್ವಾ."

"ಮುಗಿಯಂಗಿಲ್ಲ ಆಯಿ. ಅದು ಬದಲಾಗ್ತದ, ಇದು ಬದಲಾಗ್ತದ. ನಡದೇ ಇರ್ತದ."

ಸಾಲುಗಳನ್ನು ಕೀಳಲಿಲ್ಲ. ಬಚ್ಚಲ ನೀರು ಮೊದಲಿನ ಹಾಗೆಯೇ ಹಸಿರು ಸಾಲಿಗೂ ಕಿತ್ತಳೆ ಸಾಲಿಗೂ ಸರಿಸಮ ಹೋಯಿತು. ತಟ್ಟನ್ನು ಮಾತ್ರ ಸುಟ್ಟುಹಾಕಿದ್ದಳು. ಬಿಸಿಲು ಬಲಿತಾಗ ಕಾಯಿ ಒಣಗಿದವು. ಮಾಣಿಕನ ಸಾಲು ಜೊಳ್ಳು ಜೊಳ್ಳಾಗಿ ಒಂದು ಹಿಡಿ ಕೊಟ್ಟಿತು. ಶಾಲುಬಾಯಿಯದು ಅದಕ್ಕೂ ಕಡಿಮೆ. ಮಕ್ಸೂದನದು ಮೊರ ತುಂಬಿತು. ಕೇಶರಬಾಯಿ ಮೊದಲಿನ ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿದಳು. ಮಾಣಿಕನ, ಶಾಲುಬಾಯಿಯ ಗಂಟಿನ ಜೊತೆ ಮಕ್ಸೂದನ ಕಾಳಿನ ಒಂದೊಂದು ಸಣ್ಣ ಗಂಟನ್ನು ಸೇರಿಸಿದಳು, ಒಳಗೆ ಬೆರೆಸದೆ. ಕೊನೆಗೆ ತನ್ನ ಗಡಿಗೆಗೆ ಒಂದು ಪಾಲು ಹಾಕಿ, ಬಾಯಿ ಕಟ್ಟಿ, ಮೇಲೆ ಬೂದಿ ಉದುರಿಸಿದಳು. ಅತ್ತೆಯ ಕಾಳು ಸುತ್ತು ಹಾಕಿ ಅದೇ ಗಡಿಗೆಗೆ ಬಂದಿತ್ತು.

ಅಲಕಾ ಹೊಸ್ತಿಲಲ್ಲಿ ಕಾಗದದ ಪಾಕೀಟು ಹಿಡಿದು ನಿಂತಿದ್ದಳು. ಈ ಸಲ ಪಾಕೀಟು ಖಾಲಿ ಇತ್ತು.

"ಆಯಿ, ಬೀದರಕ್ಕ ಒಯ್ಲಾಕ ಒಂದೇ ಒಂದು ಹಿಡಿ. ಒಳಗಿನ ಕಾವಲು ಎಂಥಾದ್ದು ಅಂತ ನೋಡ್ಬೇಕು."

"ಯಾವುದರಾಗಿಂದು?"

"ಮಕ್ಸೂದಣ್ಣಂದು."

"ಹಂಗಾದ್ರ ಮಕ್ಸೂದನ್ನ ಕೇಳು."

"ಆಯಿ! ಮೊರ ನಿನ್ನ ಕೈಯಾಗೇ ಅದಲ್ಲ!"

"ಕೈಯಾಗ ಅದ. ನಂದಲ್ಲ," ಎಂದು ಕೇಶರಬಾಯಿ ಮಕ್ಸೂದನ ಪಾಲು ಉಳಿದಿದ್ದ ಮೊರವನ್ನು ಗೋಡೆಯ ಕಡೆ ಸರಿಸಿದಳು. "ನೀ ಇರೋದು ಬೀದರ. ಗಾಂಧಿ ಗಂಜಕ್ಕ ಹೋಗು. ಅಂವ ಚೀಲ ಹೊರೋ ಹೊತ್ತಿನ್ಯಾಗ ಹೋಗಬ್ಯಾಡ, ಮುಕದ್ದಮ ಬೈತಾನ. ಮೊದಲಿಂದ ಕಡೀತನಕಾ ಪೂರಾ ಹೇಳು. ಹೇಳಿ ಮುಗಿಸೋತನಕಾ ಯಾವ ಬಸ್ ಬಂದ್ರೂ ಏಳಬ್ಯಾಡ."

ಕಟ್ಟೆಯ ಮೇಲೆ ಪಂಢರಿ ಕೆಮ್ಮಿದ ಹಾಗೆ ನಕ್ಕ. ಅಲಕಾ ಖಾಲಿ ಪಾಕೀಟು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ದೂರದಲ್ಲಿ ಭಾಲ್ಕಿಯ ಬಸ್ಸಿನ ಹಾರ್ನು ಕೇಳಿಸಿತು, ಈ ಸಲ ಎಂದಿನಂತೆ ತಡವಾಗಿ.